ನಡುರಾತ್ರಿಯ ತ್ರೀ ಫೇಸ್ ಕರೆಂಟು: ವಿದ್ಯುತ್ ಪಾಳಿ ನಿಗದಿ ಮಾಡುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಮಂಡ್ಯ ಜಿಲ್ಲೆಯ ಹೊಲಗದ್ದೆಗಳ ಪಂಪ್‌ಸೆಟ್ಟುಗಳಿಗೆ ಕೊಡುವ ತ್ರೀ ಫೇಸ್ ವಿದ್ಯುತ್ತನ್ನು, ಅಂದರೆ ಮೋಟಾರ್ ಓಡಿಸುವ ಕರೆಂಟನ್ನು, ಹಗಲು ಹೊತ್ತಿನಲ್ಲೇ ಕೊಡಬೇಕು ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ರೈತರು ಇದನ್ನು ಬಹಳ ವರ್ಷಗಳಿಂದ ಕೇಳುತ್ತ ಬಂದಿದ್ದಾರೆ. ರಸ್ತೆಯಲ್ಲಿ ಕುಳಿತು ಕೇಳಿದ್ದಾರೆ, ಸಬ್‌ಸ್ಟೇಷನ್ ಮುಂದೆ ನಿಂತು ಕೇಳಿದ್ದಾರೆ, ಮನವಿ ಪತ್ರ ಹಿಡಿದು ಬಂದು ಕೇಳಿದ್ದಾರೆ. ಅವರು ಹೇಳುವ ಕಾರಣಗಳು ನಿಮಗೆ ಬಾಯಿಪಾಠವಾಗಿರಬೇಕು: ಕತ್ತಲು, ಹಾವು, ಕಬ್ಬಿನ ಗದ್ದೆಯಲ್ಲಿ ಮರಿ ಹಾಕಿದ ಚಿರತೆ, ಒದ್ದೆ ಕೈಯಲ್ಲಿ ಮುಟ್ಟಬೇಕಾದ ಸ್ಟಾರ್ಟರ್. ಒಂದೊಂದೂ ನಿಜ. ಅವುಗಳ ಪಕ್ಕದಲ್ಲಿ ನಾನು ಇನ್ನೊಂದು ಕಾರಣವನ್ನು ಇಡುತ್ತಿದ್ದೇನೆ. ಅದು ಯಾವ ಮನವಿ ಪತ್ರದಲ್ಲೂ ಬಂದಿರಲಾರದು, ಏಕೆಂದರೆ ಅದು ನಡೆಯುವುದು ಮನುಷ್ಯನ ರಕ್ತದಲ್ಲಿ.

ನಾನು ಮೈಸೂರಿನಲ್ಲಿ ಕೆಲಸ ಮಾಡುವ ಸಂಶೋಧಕಿ. ಮಿದುಳು ಹಾರ್ಮೋನುಗಳನ್ನು ಹೇಗೆ ನಿಯಂತ್ರಿಸುತ್ತದೆ, ದಿನದ ಯಾವ ಹೊತ್ತಿಗೆ ಯಾವ ಹಾರ್ಮೋನು ಏರುತ್ತದೆ, ಯಾವುದು ಇಳಿಯುತ್ತದೆ ಎಂಬುದು ನನ್ನ ಅಧ್ಯಯನದ ವಿಷಯ. ಹುಟ್ಟಿ ಬೆಳೆದದ್ದು ನಾಗಮಂಗಲದ ಕಡೆಯ ಹಳ್ಳಿಯಲ್ಲಿ. ಮಂಡ್ಯ ಎಂದರೆ ನಾಲೆಯ ನೀರು, ಕಬ್ಬು, ಭತ್ತ ಎಂದುಕೊಂಡವರಿಗೆ ನಮ್ಮ ಕಡೆಯ ಪರಿಚಯ ಕಡಿಮೆ. ಕೃಷ್ಣರಾಜಸಾಗರದ ನೀರು ನಮ್ಮ ಊರಿನ ಹೊಲಗಳಿಗೆ ಹತ್ತುವುದಿಲ್ಲ. ತೆಂಗು, ಹಿಪ್ಪುನೇರಳೆ, ಟೊಮೆಟೊ, ದನಗಳ ಹಸಿ ಮೇವು, ಎಲ್ಲವೂ ಕೊಳವೆ ಬಾವಿಯನ್ನು ನಂಬಿವೆ. ಕೊಳವೆ ಬಾವಿ ನಂಬಿರುವುದು ನೀವು ಬರೆಯುವ ಪಾಳಿ ಪಟ್ಟಿಯನ್ನು.

ಸಬ್‌ಸ್ಟೇಷನ್ನಿನಿಂದ ಬರುವ ವಿದ್ಯುತ್ ಮಾರ್ಗ, ಅಂದರೆ ನಮ್ಮೂರಿನ ಫೀಡರ್‌ನಲ್ಲಿ ಪಾಳಿ ಒಂದು ವಾರ ಹಗಲು, ಮರುವಾರ ರಾತ್ರಿ. ಕೆಲವು ಕಾಲದಲ್ಲಿ ಹಗಲು ನಾಲ್ಕು ಗಂಟೆ, ರಾತ್ರಿ ಮೂರು ಗಂಟೆ ಎಂದು ಹರಿದು ಹಂಚಿದ್ದೂ ಉಂಟು. ಹೇಗೆ ಹಂಚಿದರೂ ಕಾಗದದ ಮೇಲೆ ದಿನಕ್ಕೆ ಏಳು ಗಂಟೆಯ ಲೆಕ್ಕ ಸರಿಹೋಗುತ್ತದೆ. ರಾತ್ರಿ ಪಾಳಿಯ ವಾರ ಬಂತೆಂದರೆ ಅಪ್ಪ ಒಂಬತ್ತಕ್ಕೆ ಊಟ ಮುಗಿಸಿ ಜಗಲಿಯಲ್ಲೇ ಮಲಗುತ್ತಿದ್ದರು. ಪಂಪ್ ಮನೆಯ ಗೋಡೆಗೆ ಒಂದು ಬಲ್ಬು ಕಟ್ಟಿದ್ದರು. ಅದು ಉರಿದರೆ ತ್ರೀ ಫೇಸ್ ಬಂತೆಂದು ಗೊತ್ತು, ಒಳಗೆ ಮಲಗಿದರೆ ಅದು ಕಾಣುತ್ತಿರಲಿಲ್ಲ. ಟಾರ್ಚು ದಿಂಬಿನ ಪಕ್ಕ, ಸನಿಕೆ ಗೋಡೆಗೆ ಒರಗಿಸಿ. ಹನ್ನೆರಡಕ್ಕೆ ಬರಬೇಕಾದ ಕರೆಂಟು ಒಂದೂವರೆಗೆ ಬರಬಹುದು, ಬಂದು ಹತ್ತು ನಿಮಿಷಕ್ಕೆ ಹೋಗಬಹುದು, ಹೋದದ್ದು ಮೂರಕ್ಕೆ ಮತ್ತೆ ಬರಬಹುದು. ಬಂದಾಗ ಎದ್ದು ಹೋಗಿ ಮೋಟಾರ್ ಹಾಕಿ, ಒಂದು ಮಡಿ ತುಂಬುವವರೆಗೆ ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ತುಂಬಿದಾಗ ಮಣ್ಣೆಳೆದು ಬಾಯಿ ಮುಚ್ಚಿ ಮುಂದಿನ ಮಡಿಗೆ ನೀರು ತಿರುಗಿಸಬೇಕು. ಮೋಟಾರ್ ಹಾಕಿ ಬಂದು ಮಲಗಲು ಸಾಧ್ಯವಿಲ್ಲ. ಬದು ಒಡೆದರೆ ನೀರು ಪಕ್ಕದವರ ಹೊಲಕ್ಕೆ, ಜಗಳ ಮನೆ ಬಾಗಿಲಿಗೆ. ಆಟೊ ಸ್ಟಾರ್ಟರ್ ಹಾಕಿಸಿಕೊಳ್ಳಿ ಎನ್ನುತ್ತಾರೆ ಅಂಗಡಿಯವರು. ಬೇಡ ಎನ್ನುತ್ತಾರೆ ನಿಮ್ಮವರು, ಕರೆಂಟು ಬಂದ ಕ್ಷಣದಲ್ಲಿ ಎಲ್ಲ ಮೋಟಾರುಗಳೂ ಒಟ್ಟಿಗೆ ಎದ್ದರೆ ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟುಹೋಗುತ್ತದೆಂದು. ನಿಮ್ಮವರ ಮಾತು ಸರಿಯೇ. ಆಟೊ ಸ್ಟಾರ್ಟರ್ ಇದ್ದರೂ ಮಡಿಯಿಂದ ಮಡಿಗೆ ನೀರು ತಿರುಗಿಸಲು ಮನುಷ್ಯ ಏಳಲೇಬೇಕು.

ಬೆಳಗಿನ ಜಾವ ಹಿಂತಿರುಗಿ ಕೈಕಾಲು ತೊಳೆದು ಒರಗುವಷ್ಟರಲ್ಲಿ ಹಾಲು ಕರೆಯುವ ಹೊತ್ತಾಗುತ್ತದೆ. ಡೇರಿಯ ಕ್ಯಾನು ಯಾರಿಗೂ ಕಾಯುವುದಿಲ್ಲ. ಇದು ಬಹಳ ಮುಖ್ಯವಾದ ಸಂಗತಿ, ದಯವಿಟ್ಟು ಗಮನಿಸಿ. ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡಿದವರಿಗೆ ಬೆಳಿಗ್ಗೆ ಮನೆಗೆ ಹೋಗಿ ಕಿಟಕಿ ಮುಚ್ಚಿ ಮಲಗುವ ಅವಕಾಶವಾದರೂ ಇದೆ. ರೈತನಿಗೆ ರಾತ್ರಿಯ ಕೆಲಸ ಹಗಲಿನ ಕೆಲಸದ ಬದಲಿಗೆ ಬಂದದ್ದಲ್ಲ, ಅದರ ಮೇಲೆ ಬಂದದ್ದು. ನಿದ್ದೆಯ ಹೊತ್ತು ಪಕ್ಕಕ್ಕೆ ಸರಿಯುವುದಿಲ್ಲ. ನಿದ್ದೆಯೇ ಕತ್ತರಿಸಿಹೋಗುತ್ತದೆ, ಉಳಿದ ಚೂರು ತುಂಡುತುಂಡಾಗುತ್ತದೆ.

ಅದರಿಂದ ದೇಹಕ್ಕೆ ಏನಾಗುತ್ತದೆ ಎಂದು ಹೇಳುವ ಮುನ್ನ ಒಳಗಿನ ಗಡಿಯಾರದ ಬಗ್ಗೆ ನಾಲ್ಕು ಮಾತು ಹೇಳಬೇಕು. ಹುಣಸೆ ಎಲೆ ಸಂಜೆ ಮಡಚಿಕೊಂಡು ಬೆಳಿಗ್ಗೆ ಬಿಚ್ಚಿಕೊಳ್ಳುವುದನ್ನು ನಮ್ಮ ಊರಿನ ಮಕ್ಕಳೂ ನೋಡಿರುತ್ತಾರೆ. ಅಲೆಕ್ಸಾಂಡರನ ಕಾಲದಲ್ಲೇ ಆಂಡ್ರೊಸ್ಥೆನಿಸ್ ಎಂಬ ಗ್ರೀಕ ಇದನ್ನು ಬರೆದಿಟ್ಟಿದ್ದ. 1729ರಲ್ಲಿ ಫ್ರಾನ್ಸಿನ ಡಿ ಮೈರಾನ್ ಇಂಥದೇ ಗುಣದ ಗಿಡವೊಂದನ್ನು ಕತ್ತಲಲ್ಲಿ ಇಟ್ಟು ನೋಡಿದ. ಬಿಸಿಲು ಕಾಣದಿದ್ದರೂ ಅದರ ಎಲೆ ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಿತು. ಸಸ್ತನಿ ಪ್ರಾಣಿಗಳಲ್ಲಿ ಈ ಗಡಿಯಾರ ಎಲ್ಲಿದೆ ಎಂಬುದು ತಿಳಿಯಲು 1972ರವರೆಗೆ ಕಾಯಬೇಕಾಯಿತು. ಆ ವರ್ಷ ಅಮೆರಿಕದಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಇಲಿಯ ಮಿದುಳಿನಲ್ಲಿ ಒಂದೇ ಜಾಗಕ್ಕೆ ಬಂದು ತಲುಪಿದವು. ಸ್ಟೀಫನ್ ಮತ್ತು ಜುಕರ್ ಆ ಜಾಗವನ್ನು ನಾಶಮಾಡಿದಾಗ ಇಲಿ ಓಡಾಡುವ ಹೊತ್ತು, ನೀರು ಕುಡಿಯುವ ಹೊತ್ತು ಚೆದುರಿಹೋಯಿತು. ಮೂರ್ ಮತ್ತು ಐಕ್ಲರ್ ಅದೇ ಜಾಗವನ್ನು ನಾಶಮಾಡಿ ಅಡ್ರಿನಲ್ ಗ್ರಂಥಿಯ ಕಾರ್ಟಿಕೊಸ್ಟೆರಾನ್ ಎಂಬ ಹಾರ್ಮೋನನ್ನು ಅಳೆದರು. ಅದರ ದಿನದ ಏರಿಳಿತವೇ ಮಾಯವಾಗಿತ್ತು. ನನ್ನ ಕ್ಷೇತ್ರದ ಅಡಿಪಾಯ ಬಿದ್ದದ್ದು ಆ ವರ್ಷ ಎಂದು ನಾನು ನಂಬಿದ್ದೇನೆ.

ಮನುಷ್ಯನಲ್ಲಿಯೂ ಆ ಜಾಗ ಅಲ್ಲೇ ಇದೆ. ಎರಡು ಕಣ್ಣುಗಳಿಂದ ಬರುವ ನರಗಳು ಒಂದನ್ನೊಂದು ಹಾಯುವಲ್ಲಿ, ಅದರ ಸ್ವಲ್ಪ ಮೇಲೆ, ಹೈಪೊಥಲಾಮಸ್ಸಿನೊಳಗೆ, ಸುಮಾರು 20,000 ನರಕೋಶಗಳ ಒಂದು ಜೋಡಿ ಗಂಟು. ಸುಪ್ರಾಕಯಾಸ್ಮ್ಯಾಟಿಕ್ ನ್ಯೂಕ್ಲಿಯಸ್ ಎಂದು ಅದರ ಹೆಸರು. ಇದು ಹೊರಗಿನ ಸೂಚನೆ ಇಲ್ಲದೆಯೂ ಓಡುತ್ತದೆ, ಆದರೆ ಇಪ್ಪತ್ತನಾಲ್ಕು ಗಂಟೆಗಿಂತ ತುಸು ನಿಧಾನ; ಸರಾಸರಿಯಲ್ಲಿ ಸುಮಾರು 24 ಗಂಟೆ 11 ನಿಮಿಷ. ಹಾಗಾಗಿ ಪ್ರತಿದಿನ ಇದನ್ನು ಸರಿಪಡಿಸಬೇಕು, ಸರಿಪಡಿಸುವುದು ಬೆಳಕು. ಅದಕ್ಕೆಂದೇ ಕಣ್ಣಿನ ಅಕ್ಷಿಪಟಲದಲ್ಲಿ ಬೇರೆಯೇ ಒಂದು ಜಾತಿಯ ಕೋಶಗಳಿವೆ. ಅವು ನೋಟಕ್ಕಿಂತ ಹೆಚ್ಚಾಗಿ ಹಗಲು ರಾತ್ರಿ ತಿಳಿಸಲು ಇರುವಂಥವು. ಅವುಗಳನ್ನು ಖಚಿತವಾಗಿ ಗುರುತಿಸಿದ್ದು 2002ರಲ್ಲಿ. ದೇಹದ ಹೆಚ್ಚುಕಡಿಮೆ ಪ್ರತಿ ಕೋಶದೊಳಗೂ ಇರುವ ಗಡಿಯಾರದ ಜೀನುಗಳ ಕೆಲಸವನ್ನು ಬಿಡಿಸಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ಇದು ಹೊಸ ಸಿದ್ಧಾಂತವಲ್ಲ, ವಾದದಲ್ಲಿರುವ ವಿಷಯವೂ ಅಲ್ಲ.

ಈ ಗಂಟಿನಿಂದ ಹೊರಡುವ ಆಜ್ಞೆ ಹಾರ್ಮೋನುಗಳ ರೂಪದಲ್ಲಿ ಊರೆಲ್ಲ ತಿರುಗುತ್ತದೆ. ಒಂದು ದಾರಿ ಕುತ್ತಿಗೆಯ ನರಗಂಟಿನ ಮೂಲಕ ಪೀನಿಯಲ್ ಗ್ರಂಥಿಗೆ: ರಾತ್ರಿಯಾಯಿತು, ಮೆಲಟೋನಿನ್ ಬಿಡು. ಇನ್ನೊಂದು ದಾರಿ ಪಿಟ್ಯೂಟರಿಯ ಮೂಲಕ ಅಡ್ರಿನಲ್ ಗ್ರಂಥಿಗೆ: ಬೆಳಗಾಗುತ್ತಿದೆ, ಕಾರ್ಟಿಸೋಲ್ ಏರಿಸು. ಕತ್ತಲಾದ ಮೇಲೆ ಮೆಲಟೋನಿನ್ ಏರತೊಡಗಿ ನಡುರಾತ್ರಿ ದಾಟಿದ ಮೇಲೆ ತುದಿ ಮುಟ್ಟುತ್ತದೆ. ಕಾರ್ಟಿಸೋಲ್ ತಳಕ್ಕೆ ಇಳಿಯುವುದು ಹೆಚ್ಚುಕಡಿಮೆ ಆ ನಡುರಾತ್ರಿಯ ಆಸುಪಾಸಿನಲ್ಲೇ. ನಸುಕಿಗೆ ಮುನ್ನ ಹತ್ತಲು ಶುರುವಾಗಿ ಎದ್ದ ಅರ್ಧ ಮುಕ್ಕಾಲು ಗಂಟೆಯೊಳಗೆ ಶಿಖರಕ್ಕೆ ಹೋಗುತ್ತದೆ. ಮೊದಲ ಗಾಢ ನಿದ್ದೆಯಲ್ಲಿ ಬೆಳವಣಿಗೆಯ ಹಾರ್ಮೋನು ದಿನದ ಅತಿ ದೊಡ್ಡ ಅಲೆಯಾಗಿ ಹೊಮ್ಮುತ್ತದೆ. ದೊಡ್ಡವರಲ್ಲಿಯೂ ಅದು ಬೇಕು, ಸವೆದ ಸ್ನಾಯುವನ್ನು ದುರಸ್ತಿ ಮಾಡುವುದು ಅದೇ. ಗುದ್ದಲಿ ಹಿಡಿಯುವವರಿಗೆ ಅದರ ಬೆಲೆ ಏನೆಂದು ನಾನು ಬಿಡಿಸಿ ಹೇಳಬೇಕಿಲ್ಲ. ಮೈಯ ಶಾಖ ಅತಿ ಕಡಿಮೆಯಾಗುವುದು ನಸುಕಿನ ನಾಲ್ಕರ ಸುಮಾರಿಗೆ, ಎಚ್ಚರವೂ ಆಗಲೇ ಅತಿ ಮಂದ. ನಿಮ್ಮ ರಾತ್ರಿ ಪಾಳಿಯಲ್ಲಿ ಸ್ಟಾರ್ಟರಿಗೆ ಕೈ ಹಾಕುವವರು ಇಂಥ ಹೊತ್ತಿನಲ್ಲಿ, ಕೆಸರಲ್ಲಿ ನಿಂತು ಕೈ ಹಾಕುತ್ತಾರೆ.

ನಮ್ಮ ಪ್ರಯೋಗಾಲಯದಲ್ಲಿ ರಾತ್ರಿ ಮಾದರಿ ತೆಗೆಯುವ ದಿನ ದೀಪಗಳನ್ನೆಲ್ಲ ಆರಿಸಿ ಒಂದು ಮಂದ ಕೆಂಪು ದೀಪ ಮಾತ್ರ ಉಳಿಸಿಕೊಳ್ಳುತ್ತೇವೆ. ಪಾಲ್ಗೊಂಡವರು ಹತ್ತಿಯ ಉಂಡೆಯೊಂದನ್ನು ಬಾಯಲ್ಲಿಟ್ಟು ಎಂಜಲಲ್ಲಿ ನೆನೆಸಿ ಕೊಡುತ್ತಾರೆ. ಅದನ್ನು ಕೊಳವೆಗೆ ಹಾಕಿ, ಮೇಲೆ ಗಂಟೆ ನಿಮಿಷ ಬರೆದು, ಮಂಜುಗಡ್ಡೆಯಲ್ಲಿ ಇಡುತ್ತೇವೆ. ಯಾರಾದರೂ ಮರೆತು ಟ್ಯೂಬ್‌ಲೈಟ್ ಹಾಕಿದರೆ, ಮೊಬೈಲ್ ತೆರೆದರೆ, ಮುಂದಿನ ಮಾದರಿಗಳ ಮೇಲೆ ನಂಬಿಕೆ ಇಡಲಾಗುವುದಿಲ್ಲ. ಪ್ರಖರ ಬೆಳಕು ಮನುಷ್ಯನ ಮೆಲಟೋನಿನ್ನನ್ನು ಅಡಗಿಸುತ್ತದೆ ಎಂದು ಆಲ್ಫ್ರೆಡ್ ಲೂಯಿ ಮತ್ತವರ ಸಂಗಡಿಗರು ತೋರಿಸಿದ್ದು 1980ರಲ್ಲಿ. ಆಮೇಲೆ ಗೊತ್ತಾದದ್ದು, ಅದಕ್ಕಿಂತ ಎಷ್ಟೋ ಮಂದ ಬೆಳಕೂ ಸಾಕೆಂದು. ಒಂದು ಕೊಳವೆಯ ಎಂಜಲಿನ ಹೊತ್ತನ್ನು ಇಷ್ಟು ಜತನದಿಂದ ಕಾಯುವ ನನಗೆ, ಪಾಳಿ ಪಟ್ಟಿಯ ಒಂದು ಸಾಲು ಇಡೀ ಹೋಬಳಿಯ ಜನರ ಹೊತ್ತನ್ನು ತಲೆಕೆಳಗು ಮಾಡುವುದನ್ನು ಕಂಡು ಸುಮ್ಮನಿರಲು ಆಗಲಿಲ್ಲ.

ಈಗ ನಿದ್ದೆ ಕತ್ತರಿಸಿದರೆ ಏನಾಗುತ್ತದೆ ಎಂಬ ವಿಷಯ. ಇದರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಈವ್ ವಾನ್ ಕಾಟರ್ ಅವರ ಕೆಲಸವನ್ನು ನಾನು ಬಹಳ ಗೌರವದಿಂದ ನೋಡುತ್ತೇನೆ. ಹಾರ್ಮೋನನ್ನು ದಿನಕ್ಕೊಮ್ಮೆ ಅಳೆದರೆ ಏನೂ ತಿಳಿಯುವುದಿಲ್ಲ, ಇಡೀ ದಿನ ರಾತ್ರಿ ಮತ್ತೆ ಮತ್ತೆ ರಕ್ತ ತೆಗೆದು ಅದರ ಏರಿಳಿತದ ಪೂರ್ತಿ ಗೆರೆಯನ್ನು ನೋಡಬೇಕು ಎಂಬುದು ಅವರ ಪಟ್ಟು. 1999ರಲ್ಲಿ ಅವರು ಮತ್ತು ಸಹೋದ್ಯೋಗಿಗಳು 11 ಮಂದಿ ಆರೋಗ್ಯವಂತ ಯುವಕರನ್ನು ಆರು ರಾತ್ರಿ ನಾಲ್ಕು ನಾಲ್ಕು ಗಂಟೆ ಮಾತ್ರ ಮಲಗಲು ಬಿಟ್ಟರು. ಆಮೇಲೆ ಅವರ ರಕ್ತನಾಳಕ್ಕೆ ಗ್ಲೂಕೋಸ್ ಕೊಟ್ಟು ನೋಡಿದಾಗ, ಅದು ರಕ್ತದಿಂದ ಖಾಲಿಯಾಗುವ ವೇಗ ಚೆನ್ನಾಗಿ ನಿದ್ದೆ ಮಾಡಿದ ದಿನಗಳಿಗಿಂತ ಸುಮಾರು ಶೇ 40ರಷ್ಟು ನಿಧಾನವಾಗಿತ್ತು. ಸಂಜೆಗೆ ಇಳಿಯಬೇಕಾದ ಕಾರ್ಟಿಸೋಲ್ ಇಳಿಯದೆ ಮೇಲೇ ನಿಂತಿತ್ತು. ಥೈರಾಯ್ಡನ್ನು ಪ್ರಚೋದಿಸುವ ಹಾರ್ಮೋನು ಕುಸಿದಿತ್ತು. ಬರೀ ಆರು ರಾತ್ರಿ. ಅವರು ಗಟ್ಟಿಮುಟ್ಟಾದ ಯುವಕರು, ವಯಸ್ಸಾದವರಲ್ಲ. ಆರು ರಾತ್ರಿ ಎಂದರೆ ನಿಮ್ಮ ಪಟ್ಟಿಯಲ್ಲಿ ಒಂದು ಪಾಳಿ.

2004ರಲ್ಲಿ ಅದೇ ಬಳಗ 12 ಯುವಕರಲ್ಲಿ ಎರಡೇ ರಾತ್ರಿಯ ನಿದ್ದೆಗೇಡನ್ನು ನೋಡಿತು. ಹೊಟ್ಟೆ ತುಂಬಿತೆಂದು ಹೇಳುವ ಲೆಪ್ಟಿನ್ ಶೇ 18ರಷ್ಟು ಇಳಿದಿತ್ತು, ಹಸಿವೆಬ್ಬಿಸುವ ಗ್ರೆಲಿನ್ ಶೇ 28ರಷ್ಟು ಏರಿತ್ತು. ರಾತ್ರಿ ನೀರು ಕಟ್ಟಿ ಬಂದವರು ಬೆಳಿಗ್ಗೆ ಸಕ್ಕರೆ ಜಾಸ್ತಿ ಹಾಕಿದ ಟೀ ಮೇಲೆ ಟೀ ಕೇಳುವುದನ್ನು ನೀವೂ ಕಂಡಿರುತ್ತೀರಿ. ಅದು ಬಾಯಿಚಪಲವಲ್ಲ.

ನನ್ನ ಮನಸ್ಸಿಗೆ ಹೆಚ್ಚು ನಾಟಿದ ಪ್ರಯೋಗ 2008ರದು, ಎಸ್ರಾ ತಸಲಿ ಮತ್ತು ವಾನ್ ಕಾಟರ್ ಅವರದು. ಅಲ್ಲಿ ನಿದ್ದೆಯ ಗಂಟೆಗಳನ್ನು ಕಡಿಮೆ ಮಾಡಲೇ ಇಲ್ಲ. ಗಾಢ ನಿದ್ದೆಗೆ ಇಳಿಯುತ್ತಿರುವಾಗಲೆಲ್ಲ ಎಚ್ಚರವಾಗದಷ್ಟು ಸಣ್ಣ ಸದ್ದು ಮಾಡಿ ಆ ಆಳಕ್ಕೆ ಹೋಗದಂತೆ ತಡೆದರು. ಮೂರು ರಾತ್ರಿಗೆ ಇನ್ಸುಲಿನ್ನಿಗೆ ದೇಹ ಓಗೊಡುವ ಶಕ್ತಿ ಸುಮಾರು ಕಾಲು ಭಾಗ ಕುಸಿಯಿತು. ಕರೆಂಟು ಬರುತ್ತದೋ ಇಲ್ಲವೋ ಎಂದು ಕಿವಿ ಹೊರಗಿಟ್ಟು ಮಲಗುವವರ ನಿದ್ದೆ ಯಾವ ಬಗೆಯದು ಎಂದು ಯೋಚಿಸಿ. ನಾಯಿ ಬೊಗಳಿದರೆ ಒಂದು ಕಣ್ಣು ಬಿಡುವುದು, ಪಕ್ಕದ ಹೊಲದ ಮೋಟಾರಿನ ಗುಂಯ್ ಕೇಳಿದಂತಾಗಿ ಎದ್ದು ಕೂರುವುದು, ಬಲ್ಬಿನ ಕಡೆ ನೋಡಿ ಮತ್ತೆ ಒರಗುವುದು. ಆ ರಾತ್ರಿ ಕರೆಂಟು ಬರದೇ ಹೋದರೂ ನಷ್ಟ ಆಗಿಯೇ ಆಗಿರುತ್ತದೆ.

ಸಮಯ ಖಚಿತವಾಗಿರುವುದು ದೇಹಕ್ಕೆ ಎಷ್ಟು ಮುಖ್ಯ ಎಂಬುದಕ್ಕೆ 1999ರ ಜರ್ಮನಿಯ ಒಂದು ಪ್ರಯೋಗವಿದೆ, ಯಾನ್ ಬಾರ್ನ್ ಮತ್ತವರ ತಂಡದ್ದು. ಒಂದು ರಾತ್ರಿ ಮಲಗುವವರಿಗೆ ಆರಕ್ಕೆ ಎಬ್ಬಿಸುತ್ತೇವೆ ಎಂದು ಮೊದಲೇ ಹೇಳಿದರು. ಇನ್ನೊಂದು ರಾತ್ರಿ ಒಂಬತ್ತಕ್ಕೆ ಎಂದು ಹೇಳಿ ಆರಕ್ಕೇ ಎಬ್ಬಿಸಿದರು. ಆರು ಎಂದು ತಿಳಿದು ಮಲಗಿದವರಲ್ಲಿ, ನಿದ್ದೆಯಲ್ಲಿರುವಾಗಲೇ, ಏಳುವುದಕ್ಕೆ ಒಂದು ಗಂಟೆ ಮುಂಚಿನಿಂದ, ಕಾರ್ಟಿಸೋಲನ್ನು ಏರಿಸುವ ಎಸಿಟಿಎಚ್ ಎಂಬ ಪಿಟ್ಯೂಟರಿ ಹಾರ್ಮೋನು ಏರತೊಡಗಿತ್ತು. ದೇಹ ಏಳಲು ತಾನೇ ಅಣಿಯಾಗುತ್ತಿತ್ತು. ಅನಿರೀಕ್ಷಿತವಾಗಿ ಎಬ್ಬಿಸಿದವರಲ್ಲಿ ಆ ತಯಾರಿ ಇರಲಿಲ್ಲ. ಒಂದೇ ಗಂಟೆಗೆ ಎದ್ದರೂ ತಿಳಿದು ಏಳುವುದೇ ಬೇರೆ, ಬೆಚ್ಚಿ ಏಳುವುದೇ ಬೇರೆ. ಪಾಳಿಯ ಸಮಯವನ್ನು ನೀವು ಪಾಲಿಸದೆ ಹೋದಾಗ ರೈತನ ಮೈ ಪ್ರತಿ ರಾತ್ರಿಯೂ ಎರಡನೆಯ ಬಗೆಯಲ್ಲೇ ಏಳುತ್ತದೆ.

ಈ ಪ್ರಯೋಗಗಳು ನಡೆದದ್ದು ಷಿಕಾಗೋದ, ಜರ್ಮನಿಯ ಪ್ರಯೋಗಾಲಯಗಳಲ್ಲಿ. ಬದುವಿನ ಮೇಲೆ ಕೂತ ರೈತನ ಬದುಕು ಅದಕ್ಕಿಂತ ತೊಡಕಿನದು: ದುಡಿಮೆ ಹೆಚ್ಚು, ವಯಸ್ಸು ಹೆಚ್ಚು, ಸಾಲದ ಚಿಂತೆ ಬೇರೆ. ನಮ್ಮ ಹಳ್ಳಿಗಳ ಸಕ್ಕರೆ ಕಾಯಿಲೆಗೆ, ಬಿಪಿಗೆ ಪಾಳಿಯೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳುವುದು ವಿಜ್ಞಾನವಾಗುವುದಿಲ್ಲ. ಆದರೆ ಕಾಯಿಲೆಯ ಕಡೆಗೆ ದೇಹವನ್ನು ತಳ್ಳುವುದೆಂದು ಚೆನ್ನಾಗಿ ಗೊತ್ತಿರುವ ಕೈಗಳಲ್ಲಿ ಇದೂ ಒಂದು, ಮತ್ತು ಸರ್ಕಾರಿ ಆದೇಶದಿಂದ ನಾಳೆಯೇ ತಡೆಯಬಹುದಾದ ಕೈ ಇದು. ಆಹಾರ ಬದಲಿಸಿ, ನಡೆದಾಡಿ ಎಂದು ಸಲಹೆ ಕೊಡುವುದು ಸುಲಭ. ಹನ್ನೆರಡು ಗಂಟೆಗೆ ಎದ್ದು ಬನ್ನಿ ಎಂದು ಕರೆಯುವುದೂ ನಾವೇ.

"ಅವರಿಗೆ ಅಭ್ಯಾಸವಾಗಿದೆ" ಎಂಬ ಮಾತನ್ನು ನಾನು ಕಚೇರಿಗಳಲ್ಲಿ ಕೇಳಿದ್ದೇನೆ, ರೈತರ ಬಾಯಲ್ಲೂ ಕೇಳಿದ್ದೇನೆ. ಮನಸ್ಸಿಗೆ ಅಭ್ಯಾಸವಾಗುತ್ತದೆ. ಮಿದುಳಿನ ಆ ಗಂಟಿಗೆ ಆಗುವುದಿಲ್ಲ. ಗಡಿಯಾರ ದಿನಕ್ಕೆ ಹೆಚ್ಚೆಂದರೆ ಸುಮಾರು ಒಂದು ಗಂಟೆಯಷ್ಟೇ ಸರಿಯಬಲ್ಲದು. ರಾತ್ರಿ ಪಾಳಿಗೆ ಪೂರ್ತಿ ಒಗ್ಗಲು ಒಂದು ವಾರಕ್ಕಿಂತ ಹೆಚ್ಚು ಬೇಕು, ಅಷ್ಟರಲ್ಲಿ ಪಾಳಿ ಮತ್ತೆ ಹಗಲಿಗೆ ತಿರುಗಿರುತ್ತದೆ. ಹಾಗೆ ಒಗ್ಗುವುದೂ ಹಗಲೆಲ್ಲ ಕತ್ತಲ ಕೋಣೆಯಲ್ಲಿ ಇದ್ದರೆ ಮಾತ್ರ. ನಮ್ಮವರು ಬೆಳಿಗ್ಗೆ ಆರಕ್ಕೇ ಬಿಸಿಲಲ್ಲಿ ಇರುತ್ತಾರೆ, ಆ ಬಿಸಿಲು ಗಡಿಯಾರವನ್ನು ಪ್ರತಿದಿನ ಎಳೆದು ಹಗಲಿಗೇ ನಿಲ್ಲಿಸುತ್ತದೆ. ವರ್ಷಗಟ್ಟಲೆ ಕಾಯಂ ರಾತ್ರಿ ಪಾಳಿ ಮಾಡುವ ದಾದಿಯರಲ್ಲಿ, ಕಾರ್ಮಿಕರಲ್ಲಿ ಕೂಡ ಮೆಲಟೋನಿನ್ನಿನ ಲಯ ಪೂರ್ತಿ ಬದಲಾಗಿರುವವರು ಬಹಳ ವಿರಳ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2007ರಲ್ಲಿ, ಮತ್ತೆ 2019ರಲ್ಲಿ, ರಾತ್ರಿ ಪಾಳಿಯ ಕೆಲಸವನ್ನು ಬಹುಶಃ ಕ್ಯಾನ್ಸರ್‌ಕಾರಕವಾದವುಗಳ ಗುಂಪಿಗೆ ಸೇರಿಸಿತು. ನಿಮ್ಮ ಸಬ್‌ಸ್ಟೇಷನ್‌ಗಳಲ್ಲಿ ರಾತ್ರಿ ಕೂರುವ ಆಪರೇಟರುಗಳು, ಮಳೆಯಲ್ಲಿ ಕಂಬ ಹತ್ತುವ ಲೈನ್‌ಮ್ಯಾನ್‌ಗಳು ಕೂಡ ಈ ಲೆಕ್ಕದೊಳಗೇ ಬರುತ್ತಾರೆ. ಅವರ ಬಗ್ಗೆಯೂ ನನಗೆ ಕಾಳಜಿ ಇದೆ, ಅವರ ಪಾಳಿಗಳನ್ನೂ ಹೀಗೇ ಪರಿಶೀಲಿಸಬೇಕು.

ಎದ್ದು ಹೋಗುವುದು ಗಂಡಸರೇ ಆದರೂ ಎಚ್ಚರವಿರುವುದು ಅವರೊಬ್ಬರೇ ಅಲ್ಲ. ಅಪ್ಪ ಹಿಂತಿರುಗುವವರೆಗೆ ಅವ್ವ ಮಲಗಿದ್ದನ್ನು ನಾನು ಕಂಡಿಲ್ಲ. ಹೊರಗೆ ಟಾರ್ಚಿನ ಬೆಳಕು ಎಲ್ಲಿದೆ ಎಂದು ನೋಡುತ್ತಿದ್ದರು; ಬಹಳ ಹೊತ್ತು ಅಲುಗಾಡದಿದ್ದರೆ ಬಾಗಿಲಿಗೆ ಬಂದು ಕೂಗುತ್ತಿದ್ದರು. ಗಂಡ ತೀರಿಕೊಂಡ, ಗಂಡುಮಕ್ಕಳು ಬೆಂಗಳೂರು ಸೇರಿದ ಮನೆಗಳಲ್ಲಿ ಹೆಂಗಸರೇ ಸನಿಕೆ ಹಿಡಿದು ಹೋಗುತ್ತಾರೆ. ಪಾಳಿ ಪಟ್ಟಿ ಬರೆಯುವಾಗ ಅವರ ಮುಖ ಯಾರ ಕಣ್ಣ ಮುಂದೆಯೂ ಬಂದಂತಿಲ್ಲ.

ತಾಲ್ಲೂಕು ಆಸ್ಪತ್ರೆಗಳ ವೈದ್ಯರಿಗೂ ಇಲ್ಲೊಂದು ಮಾತು. ಬೆಳಿಗ್ಗೆ ಎಂಟರ ಕಾರ್ಟಿಸೋಲ್, ಬರಿಹೊಟ್ಟೆಯ ಸಕ್ಕರೆ, ಬೆಳಗಿನ ಬಿಪಿ, ಎಲ್ಲದರ ಹಿಂದೆಯೂ ರೋಗಿ ರಾತ್ರಿ ಮಲಗಿದ್ದಾರೆ ಎಂಬ ಊಹೆ ಇದೆ. ನಮ್ಮ ಕಡೆಯ ರೋಗಿಗೆ "ನಿನ್ನೆ ರಾತ್ರಿ ನೀರು ಕಟ್ಟಿದ್ದಿರಾ?" ಎಂದು ಕೇಳದೆ ಆ ಸಂಖ್ಯೆಗಳನ್ನು ಓದಬೇಡಿ.

ನೀವು ಹೇಳುವ ತೊಂದರೆಗಳೂ ನನಗೆ ಗೊತ್ತಿವೆ. ಹಗಲು ಕಾರ್ಖಾನೆ, ಕಚೇರಿ, ನಗರಗಳ ಬೇಡಿಕೆ. ರಾತ್ರಿ ಬೇಡಿಕೆ ಇಳಿದಾಗ ಉಳಿಯುವ ವಿದ್ಯುತ್ತನ್ನು ಹೊಲಕ್ಕೆ ಹರಿಸುವುದು ಹಳೆಯ ಪದ್ಧತಿ. ಕಲ್ಲಿದ್ದಲಿನ ಸ್ಥಾವರವನ್ನು ರಾತ್ರಿ ಆರಿಸಿ ಬೆಳಿಗ್ಗೆ ಹೊತ್ತಿಸಲು ಆಗದು, ಹಾಗಾಗಿ ರಾತ್ರಿಯ ಕರೆಂಟಿಗೆ ಗಿರಾಕಿ ಬೇಕಿತ್ತು. ಪಂಪ್‌ಸೆಟ್ಟು ಆ ಗಿರಾಕಿಯಾಯಿತು. ಆ ಲೆಕ್ಕ ಹಾಕಿದ ಕಾಲದಲ್ಲಿ ಅದಕ್ಕೆ ಅರ್ಥವಿತ್ತು. ಈಗ ನಮ್ಮ ರಾಜ್ಯದಲ್ಲಿ ಸೂರ್ಯನಿಂದ ಬರುವ ವಿದ್ಯುತ್ತು ಹೇರಳವಾಗಿದೆ. ಪಾವಗಡದ ಸೌರ ಪಾರ್ಕ್ ಒಂದರದೇ ಸಾಮರ್ಥ್ಯ 2,050 ಮೆಗಾವ್ಯಾಟ್. ಅದು ಹುಟ್ಟುವುದೇ ಹಗಲಲ್ಲಿ, ಬೇರೆ ಹೊತ್ತಿಗೆ ಎತ್ತಿಡುವುದು ದುಬಾರಿ. ನೀರಿಗೂ ಬೆಳೆಗೂ ಮನುಷ್ಯನ ಹಾರ್ಮೋನಿಗೂ ಹೊಂದುವ ಹೊತ್ತಿನಲ್ಲೇ ಕರೆಂಟು ಹೆಚ್ಚಿರುವಾಗ ರಾತ್ರಿಯ ಪಾಳಿಯನ್ನು ಹಿಡಿದುಕೊಂಡಿರುವುದಕ್ಕೆ ಕಾರಣ ನನಗೆ ಕಾಣುವುದಿಲ್ಲ. ಮಹಾರಾಷ್ಟ್ರ 2017ರಲ್ಲಿ ಕೃಷಿ ಫೀಡರುಗಳಿಗೆ ಸೌರ ವಿದ್ಯುತ್ತನ್ನು ಹಗಲಲ್ಲೇ ಕೊಡುವ ಯೋಜನೆ ಶುರುಮಾಡಿತು. ಗುಜರಾತ್ 2020ರಲ್ಲಿ ಹಗಲು ಕರೆಂಟಿಗೆಂದೇ ಕಿಸಾನ್ ಸೂರ್ಯೋದಯ ಯೋಜನೆ ತಂದಿತು. ಕೇಂದ್ರದ ಕುಸುಮ್ ಯೋಜನೆಯಲ್ಲಿ ಇಡೀ ಫೀಡರನ್ನೇ ಸೌರಕ್ಕೆ ತರಲು ಅವಕಾಶವಿದೆ, ನಮ್ಮ ರಾಜ್ಯವೂ ಅದರಲ್ಲಿ ಕೈಹಾಕಿದೆ. ನಾನು ಕೇಳುತ್ತಿರುವುದು ಅದರ ವೇಗವನ್ನು, ಮತ್ತು ಅದರಲ್ಲಿ ಕೊಳವೆ ಬಾವಿ ಹೆಚ್ಚಿರುವ ನಾಗಮಂಗಲ, ಕೆ.ಆರ್. ಪೇಟೆಯ ಕಡೆಯ ಫೀಡರುಗಳಿಗೆ ಮೊದಲ ಸಾಲನ್ನು.

ರಾತ್ರಿ ನೀರು ಹಾಯಿಸಿದರೆ ಆವಿಯಾಗುವುದು ಕಡಿಮೆ ಎನ್ನುತ್ತಾರೆ, ಸರಿ. ಬೆಳಿಗ್ಗೆ ಆರರಿಂದ ಹತ್ತರೊಳಗೆ ಹಾಯಿಸಿದರೂ ಕಡಿಮೆಯೇ, ಹನಿ ನೀರಾವರಿ ಇದ್ದರೆ ಇನ್ನೂ ಕಡಿಮೆ. ಕರೆಂಟು ಉಚಿತ, ಮತ್ತೇನು ಕೇಳುತ್ತಾರೆ ಎನ್ನುವವರೂ ಇದ್ದಾರೆ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಬಿಲ್ಲು ಇಲ್ಲ, ನಿಜ. ಕೃತಜ್ಞತೆ ಇದೆ. ಆದರೆ 1902ರಲ್ಲಿ ನಮ್ಮ ಜಿಲ್ಲೆಯ ಶಿವನಸಮುದ್ರದಲ್ಲಿ ಕಾವೇರಿಯಿಂದ ತೆಗೆದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಯಿತು, ಆಮೇಲೆ ಬೆಂಗಳೂರಿಗೆ, ಮೈಸೂರಿಗೆ ಹೋಯಿತು. ಈ ಜಿಲ್ಲೆಯ ಜನ ಹಗಲಿನ ಕರೆಂಟು ಕೇಳುವುದು ಭಿಕ್ಷೆಯಲ್ಲ.

ಹಗಲಿಗೆ ಬದಲಾಗುವವರೆಗೆ ಕೆಲವು ಕೆಲಸಗಳನ್ನು ಹಣವಿಲ್ಲದೆ, ಯೋಜನೆಯಿಲ್ಲದೆ, ಒಂದು ಸುತ್ತೋಲೆಯಿಂದ ಮಾಡಬಹುದು. ರಾತ್ರಿ ಹನ್ನೊಂದರಿಂದ ಬೆಳಗಿನ ಐದರವರೆಗಿನ ಹೊತ್ತನ್ನು ಮುಟ್ಟಬೇಡಿ. ಗಾಢ ನಿದ್ದೆ, ಬೆಳವಣಿಗೆಯ ಹಾರ್ಮೋನು, ಮೆಲಟೋನಿನ್ನಿನ ಶಿಖರ, ಎಚ್ಚರದ ತಳ ಎಲ್ಲವೂ ಆ ಆರು ಗಂಟೆಯೊಳಗಿವೆ. ಕತ್ತಲಲ್ಲಿ ಕೊಡಲೇಬೇಕೆಂದಿದ್ದರೆ ಸಂಜೆ ಏಳರಿಂದ ಹತ್ತೂವರೆಯೊಳಗೆ ಕೊಡಿ, ಇಲ್ಲವೇ ಐದಕ್ಕೆ ಶುರುಮಾಡಿ. ವಾರಕ್ಕೊಮ್ಮೆ ತಿರುಗಿಸುವ ಪದ್ಧತಿಯನ್ನು ಈಗಲೇ ಬಿಡಿ. ಒಂದು ಫೀಡರಿಗೆ ಒಂದು ಹೊತ್ತು ಕೊಟ್ಟರೆ ಆ ಬೆಳೆ ಮುಗಿಯುವವರೆಗೆ ಅದೇ ಇರಲಿ. ಎರಡು ತುಂಡು ಮಾಡಿ ಕೊಡಬೇಡಿ, ಒಂದೇ ಸಲ ಕೊಡಿ. ಹೇಳಿದ ಹೊತ್ತಿಗೆ ಕೊಡಲಾಗದಿದ್ದರೆ ಸಂಜೆ ಎಂಟರೊಳಗೆ ಎಲ್ಲರ ಮೊಬೈಲಿಗೆ ಸಂದೇಶ ಕಳಿಸಿ, ಈ ರಾತ್ರಿ ಇಲ್ಲ ಎಂದು. ಬರುವುದಿಲ್ಲ ಎಂದು ಗೊತ್ತಾದರೆ ಜನ ಮಲಗುತ್ತಾರೆ. ನಾನು ಮೇಲೆ ಹೇಳಿದ ಪ್ರಯೋಗಗಳ ಪ್ರಕಾರ ಈ ಒಂದು ಸಂದೇಶಕ್ಕೇ ಅಳೆದು ತೋರಿಸಬಹುದಾದಷ್ಟು ಬೆಲೆ ಇದೆ.

ಅಳೆಯಲು ನಾನು ಸಿದ್ಧಳಿದ್ದೇನೆ. ಒಂದು ಫೀಡರನ್ನು ಹಗಲಿಗೆ ಬದಲಿಸಿ, ಪಕ್ಕದ ಒಂದನ್ನು ಈಗಿರುವಂತೆ ಬಿಡಿ. ಒಪ್ಪಿಗೆ ಕೊಟ್ಟವರಲ್ಲಿ, ನೈತಿಕ ಸಮಿತಿಯ ಅನುಮತಿ ಪಡೆದು, ಬೆಳಗಿನ ಮತ್ತು ಸಂಜೆಯ ಎಂಜಲಿನ ಕಾರ್ಟಿಸೋಲ್, ಬರಿಹೊಟ್ಟೆಯ ಸಕ್ಕರೆ, ಬಿಪಿ, ನಿದ್ದೆಯ ಹೊತ್ತು ಇವನ್ನು ಬೆಳೆಯೊಂದು ಮುಗಿಯುವವರೆಗೆ ನೋಡೋಣ. ಹಣ ನಿಮ್ಮಿಂದ ಕೇಳುವುದಿಲ್ಲ. ಫೀಡರಿನ ಸಮಯಪಟ್ಟಿ ಮತ್ತು ವಾಸ್ತವವಾಗಿ ಕರೆಂಟು ಬಂದುಹೋದ ಹೊತ್ತಿನ ದಾಖಲೆ ಕೊಟ್ಟರೆ ಸಾಕು. ಅಧ್ಯಯನ ಮುಗಿಯಲಿ, ಆಮೇಲೆ ನೋಡೋಣ ಎಂದು ಮಾತ್ರ ಹೇಳಬೇಡಿ. ಈಗಾಗಲೇ ತಿಳಿದಿರುವುದೇ ಪಾಳಿ ಬದಲಿಸಲು ಸಾಕು.

ಬೇಸಿಗೆಯ ಪಾಳಿ ಪಟ್ಟಿ ಹೊರಡುವ ಮುನ್ನ ಮಂಡ್ಯದಲ್ಲಿ ಒಂದು ಸಭೆ ಕರೆಯಿರಿ. ನಿಮ್ಮ ಎಂಜಿನಿಯರುಗಳು, ಆರೋಗ್ಯ ಇಲಾಖೆಯವರು, ರೈತ ಹೆಂಗಸರು, ಗಂಡಸರು ಎಲ್ಲರೂ ಇರಲಿ. ಹಾರ್ಮೋನುಗಳ ದಿನದ ನಕ್ಷೆಯನ್ನು ನಾನು ತರುತ್ತೇನೆ, ನೀವು ಪಾಳಿ ಪಟ್ಟಿ ತನ್ನಿ. ಎರಡನ್ನೂ ಒಂದೇ ಮೇಜಿನ ಮೇಲೆ ಹರಡಿ ಗಂಟೆ ಗಂಟೆಗೂ ನೋಡೋಣ. ಸಭೆ ಬೆಳಿಗ್ಗೆ ಹನ್ನೊಂದರ ಮೇಲೆ ಇಟ್ಟರೆ ಒಳ್ಳೆಯದು. ಡೇರಿಗೆ ಹಾಲು ಹಾಕಿ, ದನಗಳಿಗೆ ಮೇವು ಹಾಕಿ, ಬಸ್ಸು ಹಿಡಿದು ಬರುವವರಿಗೆ ಅಷ್ಟು ಹೊತ್ತು ಬೇಕಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ನಾಗಮಂಗಲ ಸೀಮೆಯ ರೈತರ ಮಗಳು,
ಹಾರ್ಮೋನು ಮತ್ತು ದೈನಿಕ ಲಯಗಳ ಸಂಶೋಧಕಿ, ಮೈಸೂರು